ಮ್ಯೂನಿಕ್‌ನ ನೀರಿಗೆ ಬೆಂಗಳೂರಿನ ಸೋಪಿನ ಪುಡಿ ಏಕೆ ಒಗ್ಗುವುದಿಲ್ಲ

ಕೆಲಸಕ್ಕೋ ಓದಿಗೋ ಜರ್ಮನಿಗೆ ಹೋದವರು ಅಕ್ಕಿ, ತೊಗರಿಬೇಳೆ, ಹುಣಸೆಹಣ್ಣು ಎಲ್ಲಿ ಸಿಗುತ್ತವೆಂದು ಮೊದಲ ವಾರವೇ ಪತ್ತೆ ಹಚ್ಚಿಬಿಡುತ್ತಾರೆ. ಬಟ್ಟೆ ಒಗೆಯುವ ಪುಡಿಯ ಯೋಚನೆ ಬರುವುದು ಕೊಳೆಬಟ್ಟೆ ರಾಶಿ ಬಿದ್ದ ಮೇಲೆ. ಡಿಎಂ, ರೋಸ್‌ಮನ್‌ನಂಥ ಅಂಗಡಿಗಳಲ್ಲಿ ಗೋಡೆಯುದ್ದಕ್ಕೂ ಡಬ್ಬಗಳಿರುತ್ತವೆ, ಒಂದರ ಗುರುತೂ ಸಿಗುವುದಿಲ್ಲ. ಊರಿಂದ ಹೊರಟವರಿಗೆ ಆಗ ಫೋನು ಹೋಗುತ್ತದೆ: ಎರಡು ಕೆಜಿ ಸರ್ಫ್ ಎಕ್ಸೆಲ್, ನಾಲ್ಕು ರಿನ್ ಸೋಪು, ಒಂದು ಉಜಾಲಾ. ಮಗಳ ಬಾಣಂತನಕ್ಕೆ ಹೊರಟ ತಾಯಿ ಚಟ್ನಿಪುಡಿ ತೆಗೆದಿಟ್ಟು ಸೋಪಿನ ಪುಡಿಗೆ ಜಾಗ ಮಾಡುತ್ತಾರೆ.

ಈ ಹಂಬಲ ನನಗೆ ಅರ್ಥವಾಗುತ್ತದೆ. ಒಗೆದ ಬಟ್ಟೆಯ ವಾಸನೆಯಲ್ಲಿ ಮನೆ ಇರುತ್ತದೆ. ಆದರೆ ಸೋಪಿನ ಪುಡಿಯನ್ನು ಆಯಾ ಊರಿನ ನೀರು, ಯಂತ್ರ ಮತ್ತು ಒಗೆಯುವ ರೂಢಿಗೆ ತಕ್ಕಂತೆ ತಯಾರಿಸಿರುತ್ತಾರೆ. ನೀರು ಬದಲಾದರೆ ಅದೇ ಪುಡಿ ಅದೇ ಕೆಲಸ ಮಾಡುವುದಿಲ್ಲ. ಹಾಗಾಗಿ ಅಲ್ಲಿ ಹುಡುಕಬೇಕಾದದ್ದು ಪುಡಿ ಮಾಡುವ ಕೆಲಸವನ್ನು, ಹೆಸರನ್ನಲ್ಲ.

ಹೆಸರನ್ನು ನಂಬುವಂತೆಯೂ ಇಲ್ಲ. ಪರ್ಸಿಲ್ ಜರ್ಮನಿಯ ಹೆಂಕೆಲ್ ಕಂಪನಿಯ ಪುಡಿ, 1907ರಲ್ಲಿ ಮಾರುಕಟ್ಟೆಗೆ ಬಂದದ್ದು. ಬ್ರಿಟನ್ನಿನಲ್ಲಿ ಅದೇ ಹೆಸರು ಯೂನಿಲಿವರ್‌ನ ಕೈಯಲ್ಲಿದೆ. ನಮ್ಮ ಸರ್ಫ್ ಎಕ್ಸೆಲ್ ಕೂಡ ಯೂನಿಲಿವರ್ ಕುಟುಂಬದ್ದೇ. ಲಂಡನ್ನಿನ ಅಂಗಡಿಯಲ್ಲಿ ಸರ್ಫ್ ಎಂದು ಬರೆದ ಪೊಟ್ಟಣವೂ ಸಿಗುತ್ತದೆ. ಆದರೆ ಸರ್ಫ್ ಎಕ್ಸೆಲ್‌ನ ನಿಜವಾದ ದಾಯಾದಿ ಅದರ ಪಕ್ಕದಲ್ಲಿರುವ ಪರ್ಸಿಲ್. ಬ್ರೆಜಿಲ್, ಟರ್ಕಿಗಳಲ್ಲಿ ಆ ಜಾಗದಲ್ಲಿರುವುದು ಓಮೋ.

ಈಗ ನೀರಿನ ವಿಚಾರ. ಮ್ಯೂನಿಕ್‌ನ ನಲ್ಲಿಯಲ್ಲಿ ಬರುವುದು ಗಡಸು ನೀರು. ಅದರಲ್ಲಿ ಕರಗಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂಗಳು ಸೋಪಿನ ಶಕ್ತಿಯನ್ನು ಕೊಳೆಯ ತನಕ ಹೋಗಗೊಡದೆ ನಡುವೆಯೇ ಕಸಿದುಕೊಳ್ಳುತ್ತವೆ. ಮನೆಯಲ್ಲಿ ಕಾವೇರಿ ನೀರೂ ಬೋರ್‌ವೆಲ್ ನೀರೂ ಬರುವ ಬೆಂಗಳೂರಿನವರಿಗೆ ಈ ವ್ಯತ್ಯಾಸವನ್ನು ಬಿಡಿಸಿ ಹೇಳಬೇಕಿಲ್ಲ. ಜರ್ಮನಿಯಲ್ಲಿ ಗಡಸುತನವನ್ನು ಡಿಗ್ರಿಗಳಲ್ಲಿ ಅಳೆಯುತ್ತಾರೆ: 8.4ಕ್ಕಿಂತ ಕಡಿಮೆಯಿದ್ದರೆ ಮೆದು, 14ರವರೆಗೆ ಮಧ್ಯಮ, ಅದರಾಚೆಗೆ ಗಡಸು. ಡಬ್ಬದ ಹಿಂದಿರುವ ಕೋಷ್ಟಕದಲ್ಲಿ ನೀರು ಎಂಥದ್ದು, ಕೊಳೆ ಎಷ್ಟು ಎಂಬುದನ್ನು ನೋಡಿ ಪುಡಿಯ ಅಳತೆ ಬರೆದಿರುತ್ತಾರೆ. ನಿಮ್ಮ ಬಡಾವಣೆಯ ನೀರಿನ ಮಟ್ಟವನ್ನು ನೀರು ಸರಬರಾಜು ಸಂಸ್ಥೆಯಿಂದ ತಿಳಿದುಕೊಳ್ಳಬಹುದು. ಅದೊಂದನ್ನು ತಿಳಿದುಕೊಂಡರೆ ಅರ್ಧ ತೊಂದರೆ ಕಳೆದಂತೆ. ಬಟ್ಟೆ ಬೂದುಬಣ್ಣಕ್ಕೆ ತಿರುಗುವುದು, ಟವೆಲ್ ಒರಟಾಗುವುದು, ಯಂತ್ರದೊಳಗಿನ ಹೀಟರಿಗೆ ಸುಣ್ಣ ಕಟ್ಟುವುದು ಬಹಳಷ್ಟು ಸಲ ಅಳತೆ ತಪ್ಪಿದ್ದರ ಫಲ.

ಇನ್ನು ಯಂತ್ರ. ಅಲ್ಲಿನ ಮನೆಗಳಲ್ಲಿ ಹೆಚ್ಚಾಗಿ ಇರುವುದು ಮುಂಬಾಗಿಲಿನ ಯಂತ್ರ. ಅದು ಸ್ವಲ್ಪವೇ ನೀರಿನಲ್ಲಿ ಬಟ್ಟೆಯನ್ನು ಮೇಲೆತ್ತಿ ಕೆಳಗೆ ಬೀಳಿಸಿ ಕೊಳೆ ಬಿಡಿಸುತ್ತದೆ. ಕೈಯಲ್ಲಿ ಒಗೆಯಲೆಂದು ಮಾಡಿದ ನಮ್ಮ ಪುಡಿಯನ್ನು ಅದಕ್ಕೆ ಸುರಿದರೆ ನೊರೆ ಉಕ್ಕಿ ಹಾಸಿಗೆಯಂತೆ ಅಡ್ಡ ನಿಲ್ಲುತ್ತದೆ. ಬಟ್ಟೆಗೆ ಪೆಟ್ಟು ಬೀಳುವುದಿಲ್ಲ, ಜಾಲಿಸಿದರೂ ಸೋಪು ಪೂರ್ತಿ ಹೋಗುವುದಿಲ್ಲ. 1959ರಲ್ಲಿ ಸರ್ಫ್, 1969ರಲ್ಲಿ ಕರ್ಸನ್‌ಭಾಯಿ ಪಟೇಲರ ನಿರ್ಮಾ ಬಂದ ಮೇಲೆ ಬಕೆಟ್ಟಿನ ನೊರೆ ನೋಡಿಯೇ ಸೋಪಿನ ಗುಣ ಹೇಳುವುದು ನಮಗೆ ರೂಢಿಯಾಗಿದೆ. ಕೊಳೆ ತೆಗೆಯುವುದರಲ್ಲಿ ನೊರೆಯ ಪಾಲು ಬಹಳ ಕಡಿಮೆ. ಫ್ರಂಟ್ ಲೋಡ್ ಎಂದು ಬರೆದ ಮ್ಯಾಟಿಕ್ ಪುಡಿ ತಂದಿದ್ದರೆ ಇಷ್ಟು ತೊಂದರೆಯಾಗದು. ಅಳತೆಯ ಪ್ರಶ್ನೆ ಮಾತ್ರ ಹಾಗೇ ಉಳಿಯುತ್ತದೆ.

ಅಂಗಡಿಯ ಆ ಗೋಡೆಯಲ್ಲಿ ಮುಖ್ಯವಾಗಿ ನಾಲ್ಕು ಬಗೆಗಳಿವೆ. ಫೋಲ್‌ವಾಷ್‌ಮಿಟ್ಟೆಲ್ ಎಂದರೆ ಬಿಳಿ ಹತ್ತಿಬಟ್ಟೆ, ಹಾಸಿಗೆ ಹೊದಿಕೆ, ಟವೆಲ್‌ಗಳಿಗೆ. ಇದರ ಪುಡಿಯಲ್ಲಿ ಸೋಡಿಯಂ ಪರ್‌ಕಾರ್ಬೊನೇಟ್ ಎಂಬ ಬ್ಲೀಚು ಇರುತ್ತದೆ, ದ್ರವರೂಪದಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಚಹಾ, ಹಣ್ಣಿನ ಕಲೆ ಹೋಗಬೇಕಾದರೆ ಪುಡಿಯನ್ನೇ ಕೊಳ್ಳಿ. ಬಣ್ಣದ ಬಟ್ಟೆಗೆ ಕಲರ್‌ವಾಷ್‌ಮಿಟ್ಟೆಲ್. ಅದರಲ್ಲಿ ಬ್ಲೀಚಿಲ್ಲ, ಒಂದು ಬಟ್ಟೆಯಿಂದ ಬಿಟ್ಟ ಬಣ್ಣ ಇನ್ನೊಂದಕ್ಕೆ ಹತ್ತದಂತೆ ತಡೆಯುವ ಅಂಶ ಇರುತ್ತದೆ. ನಾಜೂಕು ಬಟ್ಟೆಗೆ ಫೈನ್‌ವಾಷ್‌ಮಿಟ್ಟೆಲ್, ಉಣ್ಣೆಗೆ ವೋಲ್‌ವಾಷ್‌ಮಿಟ್ಟೆಲ್. ನಮ್ಮ ಈಝಿಯ ಜಾಗ ತುಂಬುವುದು ಈ ಕೊನೆಯದು.

ಮೈಸೂರು ರೇಷ್ಮೆ ಸೀರೆ ಇರುವವರು ಇಲ್ಲಿ ಎಚ್ಚರವಾಗಿರಬೇಕು. ರಕ್ತ, ಹಾಲು, ಮೊಟ್ಟೆಯ ಕಲೆ ಬಿಡಿಸಲೆಂದು ಸಾಮಾನ್ಯ ಪುಡಿಗಳಲ್ಲಿ ಪ್ರೋಟಿಯೇಸ್ ಎಂಬ ಕಿಣ್ವವನ್ನು ಸೇರಿಸಿರುತ್ತಾರೆ. ಪ್ರೋಟೀನನ್ನು ಕತ್ತರಿಸುವುದೇ ಅದರ ಕೆಲಸ. ರೇಷ್ಮೆ ಮತ್ತು ಉಣ್ಣೆಯ ಎಳೆಗಳೂ ಪ್ರೋಟೀನೇ. ಹಾಗಾಗಿ ಉಣ್ಣೆಯ ದ್ರವವನ್ನು ತಣ್ಣೀರಿಗೆ ತುಸು ಬೆರೆಸಿ ಕೈಯಲ್ಲೇ ಜಾಲಿಸಿ. ಜರಿ ಸೀರೆಯನ್ನಂತೂ ಡ್ರೈಕ್ಲೀನಿಂಗಿಗೇ ಕೊಡಿ. ಅಜ್ಜಿಯರು ರೇಷ್ಮೆಗೆ ಬಳಸುತ್ತಿದ್ದ ಅಂಟುವಾಳಕಾಯಿ ಜರ್ಮನಿಯಲ್ಲೂ ವಾಷ್‌ನ್ಯೂಸೆ ಎಂಬ ಹೆಸರಿನಲ್ಲಿ ಚೀಲಗಳಲ್ಲಿ ಸಿಗುತ್ತದೆ. ನಾಜೂಕು ಬಟ್ಟೆಗೆ ಅದು ಸರಿ, ಎಣ್ಣೆ ಜಿಡ್ಡಿಗೆ ಸಾಲದು.

ಉಜಾಲಾ ಬೇಕೆನ್ನುವವರಿಗೆ ಒಂದು ಮಾತು. ಹಳದಿಗೆ ತಿರುಗಿದ ಬಟ್ಟೆಯನ್ನು ನೀಲಿ ಛಾಯೆ ಕೊಟ್ಟು ಬೆಳ್ಳಗೆ ಕಾಣಿಸುವುದು ಅದರ ಕೆಲಸ. ಕಣ್ಣಿಗೆ ಕಾಣದ ನೇರಳಾತೀತ ಬೆಳಕನ್ನು ನೀಲಿ ಬೆಳಕಾಗಿ ಹೊರಸೂಸುವ ಪದಾರ್ಥ ಫೋಲ್‌ವಾಷ್‌ಮಿಟ್ಟೆಲ್‌ಗಳಲ್ಲಿ ಸಾಮಾನ್ಯವಾಗಿ ಇರುವುದರಿಂದ ಬೇರೆ ನೀಲಿ ಬೇಕಾಗುವುದು ಅಪರೂಪ. ಕಾಲರಿಗೆ ತಿಕ್ಕಲು ರಿನ್ ಬಿಲ್ಲೆ ಸಿಗದಿದ್ದರೆ ಗಾಲ್‌ಜೈಫೆ ಎಂಬ ಸೋಪಿನ ಬಿಲ್ಲೆ ಕೇಳಿ. ಅದನ್ನು ದನದ ಪಿತ್ತರಸ ಸೇರಿಸಿ ಮಾಡುತ್ತಾರೆ. ಅದು ಬೇಡ ಎನಿಸುವವರು ಭಾರತೀಯ ಅಂಗಡಿಯಲ್ಲಿ ವಿಚಾರಿಸಬಹುದು, ಇಲ್ಲವೇ ಊರಿಂದ ಎರಡು ಬಿಲ್ಲೆ ತರಿಸಿಕೊಳ್ಳಬಹುದು. ಕೈಯಲ್ಲಿ ತಿಕ್ಕುವುದಕ್ಕೆ ಯಂತ್ರದ ಹಂಗಿಲ್ಲವಲ್ಲ.

ಅರಿಶಿನದ ಕಲೆ ಯಾವ ದೇಶದ ಸೋಪಿಗೂ ಸುಲಭಕ್ಕೆ ಬಗ್ಗುವುದಿಲ್ಲ. ಸೋಪಿನ ಕ್ಷಾರ ತಾಗಿದೊಡನೆ ಸಾರಿನ ಹಳದಿ ಕೆಂಪಾಗುವುದನ್ನು ಕಂಡು ಹೆದರಬೇಡಿ, ಅದು ಅರಿಶಿನಕ್ಕೆ ಬಣ್ಣ ಕೊಡುವ ಕುರ್ಕುಮಿನ್ನಿನ ಸ್ವಭಾವ. ಒಗೆದ ಮೇಲೆ ನೇರ ಬಿಸಿಲಿಗೆ ಹಾಕಿದರೆ ಅದು ಕರಗುತ್ತ ಬರುತ್ತದೆ. ಮ್ಯೂನಿಕ್‌ನ ಚಳಿಗಾಲದಲ್ಲಿ ಆ ಬಿಸಿಲೇ ಸಿಗುವುದಿಲ್ಲ. ಬಿಳಿ ಹತ್ತಿಯಾದರೆ ಬ್ಲೀಚಿರುವ ಪುಡಿಯಲ್ಲಿ ಬೆಚ್ಚಗಿನ ನೀರಿನಲ್ಲಿ ನೆನೆಸಿಡಿ.

ಊರಿಂದ ಅಪ್ಪ ಅಮ್ಮ ಬರುವ ಮುಂಚೆ ಈ ಡಬ್ಬಗಳ ಮೇಲೆ ಒಂದೊಂದು ಕನ್ನಡದ ಚೀಟಿ ಅಂಟಿಸಿ: ಇದು ಬಿಳಿಯದಕ್ಕೆ, ಇದು ಬಣ್ಣದ್ದಕ್ಕೆ, ಈ ಗೆರೆಯವರೆಗೆ ಪುಡಿ, ರೇಷ್ಮೆಗೆ ಈ ಬಾಟಲಿ ಮಾತ್ರ. ಹಗಲಿಡೀ ಮನೆಯಲ್ಲಿ ಆ ಯಂತ್ರದ ಮುಂದೆ ನಿಲ್ಲುವವರು ಅವರೇ, ಮತ್ತು ಜರ್ಮನ್ ಓದಲು ಬಾರದವರೂ ಅವರೇ.