ಮದ್ಯ, ಹೃದಯ ಮತ್ತು ಉಪಗೂಹನ

ಕಳೆದ ವರ್ಷಾರಂಭದಲ್ಲಿ ನನ್ನ ಹಳೆಯ ಶಿಷ್ಯನೊಬ್ಬನನ್ನು ನೋಡಲು ಆಸ್ಪತ್ರೆಗೆ ಹೋಗಿದ್ದೆ. ವಯಸ್ಸು ಮೂವತ್ತೊಂದು; ಶ್ರಾವಕರ ಮನೆಯ ಹುಡುಗ. ಎದೆಬಡಿತ ತಾಳ ತಪ್ಪಿದೆಯೆಂದು ದಾಖಲಿಸಿಕೊಂಡಿದ್ದರು. ಕುಡಿಯುವ ಅಭ್ಯಾಸವಿದೆಯೇ ಎಂದು ವೈದ್ಯರು ಕೇಳಿದಾಗ ಮಗನಿಗಿಂತ ಮೊದಲೇ ತಂದೆ ಉತ್ತರಿಸಿದರು: "ನಾವು ಜೈನರು, ಸಾರ್." ಹುಡುಗ ಗೋಡೆಯ ಕಡೆ ತಿರುಗಿದ. ತಂದೆ ಔಷಧ ತರಲು ಹೊರಟ ಮೇಲೆ ನನ್ನೊಡನೆ ಮೆಲ್ಲಗೆ ನುಡಿದ: "ಮೇಷ್ಟ್ರೇ, ಮೂರು ರಾತ್ರಿ ಕುಡಿದಿದ್ದೆ."

ಈ ವ್ಯಾಧಿಗೆ ಅಮೆರಿಕದ ವೈದ್ಯರು 1978ರಲ್ಲಿಯೇ 'ಹಾಲಿಡೇ ಹಾರ್ಟ್' ಎಂದು ಹೆಸರಿಟ್ಟರು. ರಜೆಯ ದಿನಗಳಲ್ಲಿ ಮಿತಿಮೀರಿ ಕುಡಿದವರ ಹೃದಯದ ಮೇಲಿನ ಕೋಣೆಗಳು ಸಂಕೋಚಗೊಳ್ಳುವ ಬದಲು ಬರಿದೆ ಕಂಪಿಸತೊಡಗುತ್ತವೆ. ಅಲ್ಲಿ ನಿಂತ ರಕ್ತ ಹೆಪ್ಪುಗಟ್ಟಿ ಮಿದುಳಿಗೇರಿದರೆ ಪಾರ್ಶ್ವವಾಯು. ವರ್ಷಾನುಗಟ್ಟಲೆ ಕುಡಿದವರಲ್ಲಿ ರಕ್ತದೊತ್ತಡ ಏರುತ್ತದೆ, ಹೃದಯದ ಸ್ನಾಯು ಹಿಗ್ಗಿ ದುರ್ಬಲವಾಗುತ್ತದೆ. ಸ್ವಲ್ಪ ಕುಡಿದರೆ ಹೃದಯಕ್ಕೆ ಒಳಿತೆಂಬ ಮಾತು ಬಹುಕಾಲ ಚಲಾವಣೆಯಲ್ಲಿತ್ತು. ಮದ್ಯಕ್ಕೆ ಸುರಕ್ಷಿತ ಪ್ರಮಾಣವೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿತು. ಗಾಂಜಾ ಎದೆಬಡಿತದ ವೇಗವನ್ನು ಹೆಚ್ಚಿಸುತ್ತದೆ. ಕೊಕೇನ್ ಹೃದಯದ ರಕ್ತನಾಳಗಳನ್ನೇ ಸೆಟೆಸಿ, ಎಳೆಯ ವಯಸ್ಸಿನವರಿಗೂ ಹೃದಯಾಘಾತ ತರಬಲ್ಲದು. ಮದ್ಯದ ಜೊತೆ ಸೇರಿದರಂತೂ ದೇಹದೊಳಗೆ ಇನ್ನೊಂದು ವಿಷವೇ ಹುಟ್ಟುತ್ತದೆ.

ನಮ್ಮ ಆಚಾರ್ಯರು ಮದ್ಯವನ್ನು ನೋಡಿದ್ದು ಬೇರೆ ಕಡೆಯಿಂದ. ಸಮಂತಭದ್ರಾಚಾರ್ಯರು ಅಷ್ಟಮೂಲಗುಣಗಳಲ್ಲಿ ಮದ್ಯತ್ಯಾಗವನ್ನು ಸೇರಿಸಿದರು. ಅಮೃತಚಂದ್ರಾಚಾರ್ಯರ ವಾದ ಇನ್ನೂ ನೇರವಾದುದು: ಮದ್ಯ ಮನಸ್ಸನ್ನು ಮೋಹಗೊಳಿಸುತ್ತದೆ, ಮೋಹಗೊಂಡವನು ಧರ್ಮವನ್ನು ಮರೆಯುತ್ತಾನೆ, ಮರೆತವನು ಅಳುಕಿಲ್ಲದೆ ಹಿಂಸೆಗಿಳಿಯುತ್ತಾನೆ. ಎಂಟು ಕರ್ಮಗಳಿಗೆ ಉಪಮೆ ಕೊಡುವಾಗ ಮೋಹನೀಯಕ್ಕೆ ಮದ್ಯವನ್ನೇ ಹೋಲಿಸಿರುವುದೂ ಇದೇ ಕಾರಣಕ್ಕೆ.

ಇದೆಲ್ಲವೂ ನಮಗೆ ಗೊತ್ತು. ಗೊತ್ತಿರುವುದರಿಂದಲೇ ತೊಡಕು ಹುಟ್ಟಿದೆ ಎಂದರೆ ಓದುಗರು ಮನ್ನಿಸಬೇಕು. ನಮ್ಮ ಮನೆಗಳಲ್ಲಿ ಕುಡಿತ ಇಲ್ಲವೆಂಬ ಹೆಮ್ಮೆ, ಕುಡಿದ ಮಗನ ಬಾಯಿ ಕಟ್ಟುತ್ತದೆ. ಸಾಧರ್ಮಿಯ ದೋಷವನ್ನು ಬಯಲಿಗೆಳೆಯದಿರುವುದು ಉಪಗೂಹನವೆಂಬ ಸಮ್ಯಗ್ದರ್ಶನದ ಅಂಗ, ನಿಜ. ಆದರೆ ಅದರ ಬೆನ್ನಿಗೇ ಬರುವ ಅಂಗ ಸ್ಥಿತಿಕರಣ. ಜಾರಿದವನನ್ನು ಹಿಡಿದು ಮತ್ತೆ ನಿಲ್ಲಿಸುವುದು. ಐದನೆಯದನ್ನು ಹಿಡಿದು ಆರನೆಯದನ್ನು ಬಿಟ್ಟರೆ ಉಳಿಯುವುದು ಮನೆತನದ ಮಾನ ಮಾತ್ರ. ಊರಿನವರಿಂದ ಮುಚ್ಚಿಡಬಹುದು, ವೈದ್ಯರಿಂದ ಮುಚ್ಚಿಡಲಾಗದು. ಕೊಕೇನ್ ಸೇವಿಸಿದವನಿಗೆ ಬಡಿತ ತಗ್ಗಿಸುವ ಕೆಲವು ಔಷಧಗಳೇ ಅಪಾಯ ತರಬಹುದು. ನಿತ್ಯ ಕುಡಿಯುವವನು ಆಸ್ಪತ್ರೆಯಲ್ಲಿ ಹಠಾತ್ತನೆ ನಿಲ್ಲಿಸಿದರೆ ನಡುಕ, ಸೆಳವು ಬರಬಹುದು.

ಆಲೋಚನೆ ಎಂಬ ಪದಕ್ಕೆ ಕನ್ನಡದಲ್ಲಿ ಯೋಚನೆಯೆಂದೇ ಅರ್ಥ. ಆಗಮದಲ್ಲಿ ಅದು ಗುರುವಿನ ಮುಂದೆ ತನ್ನ ದೋಷವನ್ನು ತಾನೇ ನುಡಿಯುವುದು. ಪ್ರಾಯಶ್ಚಿತ್ತದ ಮೊದಲ ಮೆಟ್ಟಿಲು. ಪರರು ಕಂಡ ತಪ್ಪನ್ನಷ್ಟೇ ಹೇಳಿ ಕಾಣದುದನ್ನು ಅಡಗಿಸುವುದನ್ನು ಆಲೋಚನೆಯ ಹತ್ತು ದೋಷಗಳಲ್ಲಿ ಒಂದೆಂದು ಎಣಿಸಿದ್ದಾರೆ.

ಮರುದಿನ ಹುಡುಗನೇ ವೈದ್ಯರಿಗೆ ಎಲ್ಲವನ್ನೂ ಹೇಳಿದನಂತೆ. ತಂದೆ ಹೊರಗಿನ ಬೆಂಚಿನ ಮೇಲೆ ಬಹಳ ಹೊತ್ತು ಕುಳಿತಿದ್ದರು. ಪಕ್ಕದಲ್ಲಿ ಕುಳಿತ ನನಗೂ ಮಾತು ಹೊರಡಲಿಲ್ಲ. ಬಸದಿಯ ಪಾಠಶಾಲೆಯಲ್ಲಿ ಆ ಹುಡುಗನಿಗೆ ಸಪ್ತವ್ಯಸನಗಳನ್ನು ಕಂಠಪಾಠ ಮಾಡಿಸಿದವನು ನಾನೇ.