ತಂತಿಯ ನೆಯ್ಗೆಯೂ ನಮ್ಮ ಹೊಣೆಯೂ

ಇಥಿಯೋಪಿಯದ ರಾಜಧಾನಿ ಅಡಿಸ್ ಅಬಾಬಾದಲ್ಲಿ, ಆಫ್ರಿಕಾ ಖಂಡದ ಅತಿ ವಿಶಾಲವಾದ ಬಯಲು ಪೇಟೆಗಳಲ್ಲೊಂದೆಂದು ಪ್ರಸಿದ್ಧವಾದ ಮೆರ್ಕಾಟೊದಲ್ಲಿ, ಜನರು ಬಳಸಿ ಬಿಸುಟ ಗಣಕಯಂತ್ರಗಳ ಒಡಲಿನಿಂದ ಕಿತ್ತ ತಂತಿಗಳೂ ಮದರ್‌ಬೋರ್ಡುಗಳೂ ಕೀಲಿಮಣೆಯ ಗುಂಡಿಗಳೂ ಮಾರಾಟಕ್ಕೆ ಬರುತ್ತವೆ. ಅವನ್ನು ಕೊಂಡು ತಂದು, ಬಣ್ಣಬಣ್ಣದ ತಂತಿಗಳನ್ನು ಹೆಣೆದು, ಮರದ ಹಲಗೆಗಳ ಮೇಲೆ ಒತ್ತೊತ್ತಾಗಿ ಜೋಡಿಸಿ, ಗೋಡೆಯನ್ನೇ ಆವರಿಸುವ ಕೃತಿಗಳನ್ನು ರಚಿಸುತ್ತಿರುವವರು ಎಲಿಯಾಸ್ ಸಿಮೆ ಎಂಬ ಕಲಾವಿದರು. 1968ರಲ್ಲಿ ಅದೇ ನಗರದಲ್ಲಿ ಜನಿಸಿ, 1990ರಲ್ಲಿ ಅಲ್ಲಿಯ ವಿಶ್ವವಿದ್ಯಾಲಯದ ಕಲಾಶಾಲೆಯಲ್ಲಿ ವ್ಯಾಸಂಗ ಮುಗಿಸಿದ ಅವರು ಮೊದಲು ನೂಲಿನಿಂದಲೂ ಅಂಗಿಯ ಗುಂಡಿಗಳಿಂದಲೂ ಚಿತ್ರಗಳನ್ನು ಹೊಲಿದವರು. ಆ ಸೂಜಿಯ ಸಂಯಮವೇ ತರುವಾಯ ತಂತಿಯ ಕೆಲಸಕ್ಕೂ ಒದಗಿತು.

ಹಗ್ಗದ ಮೇಲಣ ನಡಿಗೆಯನ್ನು ಸೂಚಿಸುವ ‘ಟೈಟ್‌ರೋಪ್’ ಎಂಬ ಹೆಸರಿನ ಅವರ ಕೃತಿಮಾಲೆ, 2019ರಲ್ಲಿ ಅಮೆರಿಕದ ಹ್ಯಾಮಿಲ್ಟನ್ ಕಾಲೇಜಿನ ವೆಲಿನ್ ಕಲಾಸಂಗ್ರಹಾಲಯದಲ್ಲಿ ಪ್ರದರ್ಶಿತವಾಯಿತು. 2022ರ ವೆನಿಸ್ ದ್ವೈವಾರ್ಷಿಕ ಪ್ರದರ್ಶನದಲ್ಲಿಯೂ ಅವರ ಕೃತಿಗಳಿಗೆ ಸ್ಥಾನ ದೊರೆಯಿತು. ದೂರದಿಂದ ನೋಡುವವನಿಗೆ ಆಕಾಶದಿಂದ ಕಂಡ ಹೊಲಗದ್ದೆಗಳೋ ನಗರದ ಬೀದಿಗಳೋ ಎಂಬಂತೆ ತೋರುವ ಆ ವರ್ಣವಿಸ್ತಾರವು, ಹತ್ತಿರ ಸಾರಿದೊಡನೆ, ಯಾರದೋ ಬೆರಳು ಅಸಂಖ್ಯ ಸಲ ಒತ್ತಿದ ಕೀಲಿಗಳಾಗಿ, ಯಾರದೋ ಮಾತನ್ನು ಹೊತ್ತೊಯ್ದ ತಂತಿಗಳಾಗಿ ಬಿಡಿಬಿಡಿಯಾಗಿ ಕಾಣತೊಡಗುತ್ತದೆ.

ಇಂಥ ಕೃತಿಯನ್ನು ಕಂಡು, ಕಸದಿಂದ ರಸ ತೆಗೆದನೆಂದು ಕಲಾವಿದನನ್ನು ಕೊಂಡಾಡಿ ಮನೆಗೆ ಮರಳುವುದು ಸುಲಭ. ಆದರೆ ಅಷ್ಟರಲ್ಲೇ ತೃಪ್ತರಾಗುವುದು ಉಚಿತವಲ್ಲವೆಂಬುದು ನನ್ನ ದೃಢವಾದ ಅಭಿಪ್ರಾಯ. ವಿಶ್ವಸಂಸ್ಥೆಯ ಅಂಗಸಂಸ್ಥೆಗಳು 2024ರಲ್ಲಿ ಪ್ರಕಟಿಸಿದ ವರದಿಯಂತೆ, 2022ರ ಒಂದೇ ವರ್ಷದಲ್ಲಿ ಪ್ರಪಂಚವು ಉತ್ಪತ್ತಿಮಾಡಿದ ವಿದ್ಯುನ್ಮಾನ ತ್ಯಾಜ್ಯವು 6 ಕೋಟಿ 20 ಲಕ್ಷ ಟನ್ನು. ಅದರಲ್ಲಿ ಕ್ರಮವಾಗಿ ಸಂಗ್ರಹಗೊಂಡು ಮರುಬಳಕೆಗೆ ಸಂದುದಕ್ಕೆ ದಾಖಲೆಯುಳ್ಳದ್ದು ಶೇಕಡ 22.3 ಮಾತ್ರ. ಉಳಿದುದರಲ್ಲಿ ಎಷ್ಟೋ ಪಾಲು, ತಾಮ್ರಕ್ಕಾಗಿ ತಂತಿಯನ್ನು ಬಯಲಲ್ಲಿ ಸುಡುವ, ಚಿನ್ನದ ಲವಲೇಶಕ್ಕಾಗಿ ಬೋರ್ಡುಗಳನ್ನು ಆಮ್ಲದಲ್ಲಿ ಅದ್ದುವ ಬಡವರ ಕೈಸೇರಿ, ಸೀಸ, ಪಾದರಸ, ಕ್ಯಾಡ್ಮಿಯಮ್‌ಗಳ ವಿಷವನ್ನು ಅವರ ಉಸಿರಿಗೂ ನೆಲದ ನೀರಿಗೂ ಸೇರಿಸುತ್ತದೆ. ಈ ಪರ್ವತವನ್ನು ಯಾವ ಕಲಾವಿದನ ಕೌಶಲವೂ ಕರಗಿಸಲಾರದು.

ಹಾಗಾದರೆ ಕಲೆಯಿಂದ ಆಗುವ ಪ್ರಯೋಜನವೇನು? ನಾವು ಎರಡು ಮೂರು ವರ್ಷ ಬಳಸಿ, ಹೊಸದರ ಆಸೆಯಿಂದ ಒಂದು ಕ್ಷಣದಲ್ಲಿ ತೊರೆದ ವಸ್ತುವಿನ ಮೇಲೆ ಸಿಮೆಯವರು ದೀರ್ಘಕಾಲದ ಶ್ರಮವನ್ನೂ ಗಮನವನ್ನೂ ವ್ಯಯಮಾಡುತ್ತಾರೆ. ಅದರ ಲೋಹವನ್ನು ಗಣಿಯಿಂದ ಅಗೆದವರ, ಅದನ್ನು ಕಾರ್ಖಾನೆಯಲ್ಲಿ ಬೆಸೆದವರ, ಕೊನೆಗೆ ಒಡೆದು ಬೇರ್ಪಡಿಸಿದವರ ದುಡಿಮೆಗೆ ನಾವು ಸಲ್ಲಿಸದೆ ಉಳಿಸಿಕೊಂಡ ಗೌರವವನ್ನು ಅವರು ಸಲ್ಲಿಸುತ್ತಾರೆ. ಗಮನವಿಟ್ಟು ನೋಡಿದ ವಸ್ತುವನ್ನು ನಿರ್ಲಕ್ಷ್ಯದಿಂದ ಎಸೆಯುವುದು ಮನುಷ್ಯನಿಗೆ ಕಷ್ಟ. ಧರ್ಮಬುದ್ಧಿಯ ಮೊದಲ ಪಾಠ ಅಲ್ಲಿಯೇ ಆರಂಭವಾಗುತ್ತದೆ.

ಗಣಕ ತಂತ್ರಜ್ಞಾನವನ್ನೇ ಜೀವನಾಧಾರವಾಗಿ ಮಾಡಿಕೊಂಡಿರುವ ಬೆಂಗಳೂರಿಗೆ ಆ ಪಾಠವು ವಿಶೇಷವಾಗಿ ಅನ್ವಯಿಸುತ್ತದೆ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ನಮ್ಮ ದೇಶದ ಇ-ತ್ಯಾಜ್ಯ ನಿಯಮಗಳು ತಯಾರಕರ ಮೇಲೆ ಮರುಬಳಕೆಯ ಹೊಣೆಯನ್ನು ಹೊರಿಸಿವೆ. ಅದು ಸ್ತುತ್ಯವೇ ಸರಿ. ಆದರೆ ದುರಸ್ತಿಗೆ ಒಗ್ಗುವ ಯಂತ್ರವನ್ನೇ ಕೊಡಬೇಕೆಂದು ಕೇಳುವ ಗ್ರಾಹಕನೂ, ಎಸ್.ಪಿ. ರಸ್ತೆಯ ಪುಟ್ಟ ಅಂಗಡಿಯಲ್ಲಿ ಕುಳಿತು ಕೆಟ್ಟದ್ದಕ್ಕೆ ಮತ್ತೆ ಜೀವ ತುಂಬುವ ಕುಶಲಿಗನನ್ನು ಮರ್ಯಾದೆಯಿಂದ ಕಾಣುವ ಸಮಾಜವೂ ಇಲ್ಲದಿದ್ದಲ್ಲಿ, ನಿಯಮವು ಕಾಗದದಲ್ಲೇ ಉಳಿದೀತು. ಸೌಂದರ್ಯವು ನಮ್ಮ ತಪ್ಪಿಗೆ ಪ್ರಾಯಶ್ಚಿತ್ತವಾಗಲಾರದು. ಅದು ನಮ್ಮಲ್ಲಿ ಎಚ್ಚರಿಸುವ ಹೊಣೆಯರಿವು ಕೈಯಲ್ಲಿರುವ ಯಂತ್ರವನ್ನು ಇನ್ನಷ್ಟು ಕಾಲ ಬಾಳಿಸುವ ನಿಶ್ಚಯವಾಗಿ ಪರಿಣಮಿಸಿದಾಗಲೇ ಕಲಾವಿದನ ಶ್ರಮ ಸಾರ್ಥಕವಾಯಿತೆನ್ನಬೇಕು.