ಮಂಡಿಯ ಪಟ್ಟಿಗೂ ಒಂದು ಸಂಕೇತ

‘ಮೆಡಿಕಲ್ ಕೋಡಿಂಗ್’ ಎಂದೊಡನೆ ಪೋಷಕರು ಕೇಳುವ ಮೊದಲ ಪ್ರಶ್ನೆ, ಇದು ಕಂಪ್ಯೂಟರ್ ಪ್ರೋಗ್ರಾಂ ಬರೆಯುವ ಕೆಲಸವೇ ಎಂಬುದು. ಅಲ್ಲ. ವೈದ್ಯರು ನೀಡಿದ ಚಿಕಿತ್ಸೆಯನ್ನೂ ಸಾಮಗ್ರಿಯನ್ನೂ ವಿಮೆಯವರು ಒಪ್ಪುವ ಸಂಕೇತಗಳಿಗೆ ಇಳಿಸುವ ಕೆಲಸ ಇದು. ಅಮೆರಿಕದ ಆಸ್ಪತ್ರೆ, ಕ್ಲಿನಿಕ್‌ಗಳ ಪರವಾಗಿ ಬೆಂಗಳೂರು, ಚೆನ್ನೈ, ಹೈದರಾಬಾದ್‌ಗಳಲ್ಲಿ ಕುಳಿತು ಇದನ್ನು ಮಾಡುವವರಲ್ಲಿ ಜೀವವಿಜ್ಞಾನ, ಫಾರ್ಮಸಿ, ಫಿಸಿಯೋಥೆರಪಿ ಓದಿದವರು ಅನೇಕರು. ಕೆಲಸದ ಸ್ವರೂಪ ತಿಳಿಯಲು ಒಂದೇ ಒಂದು ವಸ್ತು ಸಾಕು: ಮಂಡಿಗೆ ಕಟ್ಟುವ ಬ್ರೇಸ್.

ನಮ್ಮಲ್ಲಾದರೆ ವೈದ್ಯರ ಚೀಟಿ ಹಿಡಿದು ಅಂಗಡಿಗೆ ಹೋಗಿ, ಅಳತೆ ಹೇಳಿ, ಹಣ ಕೊಟ್ಟು ತರುತ್ತೇವೆ. ಅಮೆರಿಕದಲ್ಲಿ 65 ದಾಟಿದವರಿಗೆ ಮೆಡಿಕೇರ್ ಎಂಬ ಸರ್ಕಾರಿ ವಿಮೆಯಿದೆ. ಬ್ರೇಸಿಗೆ ಗೊತ್ತುಪಡಿಸಿದ ದರದಲ್ಲಿ ಸಾಮಾನ್ಯವಾಗಿ ನೂರಕ್ಕೆ 80 ಭಾಗ ವಿಮೆಯದು, 20 ರೋಗಿಯದು. ಈ ದರ ನಿಂತಿರುವುದು ಸಂಕೇತದ ಮೇಲೆ. ಬ್ರೇಸುಗಳ ಸಂಕೇತ ‘ಎಲ್’ ಅಕ್ಷರದಿಂದ ಆರಂಭವಾಗುತ್ತದೆ. ಮುಂದೆ ನಾಲ್ಕು ಅಂಕಿ.

ಇಲ್ಲಿ ಅಂಗಿಯ ಹೋಲಿಕೆ ಚೆನ್ನಾಗಿ ಒಪ್ಪುತ್ತದೆ. ಒಂದು, ರೆಡಿಮೇಡ್ ಅಂಗಿ ತಂದು ಹಾಗೆಯೇ ತೊಡುವುದು. ಇನ್ನೊಂದು, ಅದನ್ನೇ ದರ್ಜಿಗೆ ಕೊಟ್ಟು ಮೈಗೆ ಸರಿಮಾಡಿಸುವುದು. ಮೂರನೆಯದು, ಅಳತೆ ಕೊಟ್ಟು ಹೊಲಿಸುವುದು. ಎರಡೂ ಬದಿಗೆ ಪಟ್ಟಿ ಇರುವ, ಮಡಚುವ ಕೀಲುಳ್ಳ ಮಂಡಿಯ ಬ್ರೇಸಿಗೆ ಈ ಮೂರು ಬಗೆಯಲ್ಲಿ ಮೂರು ಸಂಕೇತಗಳಿವೆ: ಎಲ್ 1852, ಎಲ್ 1845, ಎಲ್ 1846. ಮೊದಲೆರಡರಲ್ಲಿ ವಸ್ತು ಒಂದೇ ಆಗಿರಬಹುದು! ವ್ಯತ್ಯಾಸ ಇರುವುದು ತೊಡಿಸುವಾಗ ನಡೆದ ಕೆಲಸದಲ್ಲಿ. ತರಬೇತಾದವರು ಆ ರೋಗಿಗಾಗಿಯೇ ಅದನ್ನು ಕತ್ತರಿಸಿ, ಬಗ್ಗಿಸಿ ಹೊಂದಿಸಿದ್ದರೆ 1845. ರೋಗಿ ತಾನೇ ಬಿಗಿಮಾಡಿಕೊಳ್ಳುವಂತೆ ಪಟ್ಟಿ ಎಳೆದು ಕಟ್ಟಿದ್ದಷ್ಟೇ ಆದರೆ 1852. ಏನು ಮಾಡಿದರೆಂದು ಕಡತದಲ್ಲಿ ಬರೆದಿರಲೇಬೇಕು. ‘ಸರಿಯಾಗಿ ತೊಡಿಸಲಾಯಿತು’ ಎಂದರೆ ಸಾಲದು.

ಅಷ್ಟಕ್ಕೇ ಮುಗಿಯಲಿಲ್ಲ. ಬಲಗಾಲಾದರೆ ‘ಆರ್‌ಟಿ’, ಎಡಗಾಲಾದರೆ ‘ಎಲ್‌ಟಿ’ ಎಂದು ಸೇರಿಸಬೇಕು. ರೋಗದ ಸಂಕೇತ ಇದಕ್ಕೆ ತಾಳೆಯಾಗಬೇಕು. ಬಲಮಂಡಿಯ ಸವೆತ ಎಂ 17.11, ಎಡಮಂಡಿಯದು ಎಂ 17.12. ಇಂಥ ಬ್ರೇಸಿಗೆ ಬರಿಯ ನೋವು ಕಾರಣವಾಗದು. ಇತ್ತೀಚಿನ ಗಾಯ ಅಥವಾ ಶಸ್ತ್ರಚಿಕಿತ್ಸೆ ಇಲ್ಲದಿದ್ದರೆ, ಮಂಡಿ ಸಡಿಲವಾಗಿದೆಯೆಂದು ವೈದ್ಯರು ಪರೀಕ್ಷಿಸಿ ಬರೆದಿರಬೇಕು. ಷರತ್ತುಗಳೆಲ್ಲ ಪೂರೈಸಿವೆ ಎನ್ನಲು ‘ಕೆಎಕ್ಸ್’ ಎಂಬ ಎರಡಕ್ಷರ ಹಾಕುತ್ತಾರೆ. ಬರೆಯದೇ ಬಿಟ್ಟಿದ್ದನ್ನು ಕೋಡರ್ ಊಹಿಸಿ ತುಂಬುವಂತಿಲ್ಲ. ವೈದ್ಯರನ್ನೇ ಕೇಳಬೇಕು. ಬ್ರೇಸನ್ನು ವೈದ್ಯರೇ ಒದಗಿಸುವುದಾದರೆ ಸಾಮಗ್ರಿ ಸರಬರಾಜುದಾರರೆಂದು ಮೆಡಿಕೇರ್‌ನಲ್ಲಿ ಪ್ರತ್ಯೇಕವಾಗಿ ನೋಂದಾಯಿಸಿಕೊಂಡಿರಬೇಕೆಂಬುದು ಇನ್ನೊಂದು ತೊಡಕು.

ಇಷ್ಟು ಕಟ್ಟುನಿಟ್ಟೇಕೆ ಎನ್ನುವಿರಾ? 2019ರ ಏಪ್ರಿಲ್‌ನಲ್ಲಿ ಅಮೆರಿಕದ ನ್ಯಾಯ ಇಲಾಖೆ ಬ್ರೇಸುಗಳ ಹಗರಣವೊಂದರಲ್ಲಿ 24 ಜನರ ಮೇಲೆ ಆರೋಪ ಹೊರಿಸಿತು. ಅದು ಹೇಳಿದ ನಷ್ಟ 120 ಕೋಟಿ ಡಾಲರಿಗೂ ಹೆಚ್ಚು. ವೃದ್ಧರಿಗೆ ದೂರವಾಣಿಯಲ್ಲಿ ‘ಉಚಿತ’ವೆಂದು ನಂಬಿಸಿ, ಅವರನ್ನು ನೋಡಿಯೂ ಇರದ ವೈದ್ಯರಿಂದ ಚೀಟಿ ಬರೆಸಿ, ಬೇಡದ ಬ್ರೇಸುಗಳನ್ನು ಕಳಿಸಿ ಬಿಲ್ ಮಾಡಿದರೆಂಬುದು ಆರೋಪ. 2022ರಿಂದ ಕೆಲವು ಬ್ರೇಸುಗಳಿಗೆ ಮೊದಲೇ ಅನುಮತಿ ಪಡೆಯಬೇಕೆಂಬ ನಿಯಮ ಬಂತು.

ಈ ಕೆಲಸಕ್ಕೆ ಬೇಕಾದುದು ಶರೀರರಚನೆಯ ಜ್ಞಾನ, ಇಂಗ್ಲಿಷ್ ಕಡತ ಓದಿ ಅರ್ಥಮಾಡಿಕೊಳ್ಳುವ ಶಕ್ತಿ, ಮತ್ತು ತಾಳ್ಮೆ. ನಿರರ್ಗಳವಾಗಿ ಇಂಗ್ಲಿಷ್ ಮಾತನಾಡಬೇಕಾದುದು ಬಿಲ್ಲಿನ ಬಾಕಿಗಾಗಿ ವಿಮೆಯವರಿಗೆ ಫೋನ್ ಮಾಡುವ ವಿಭಾಗದವರು. ಅವರಿಗೆ ರಾತ್ರಿ ಪಾಳಿ ಸಾಮಾನ್ಯ. ಸುಲಭದ ಸಂಕೇತಗಳನ್ನು ಈಗ ತಂತ್ರಾಂಶವೇ ಸೂಚಿಸುತ್ತದೆ, ಆದ್ದರಿಂದ ಬರಿಯ ಬಾಯಿಪಾಠ ನೆಚ್ಚಿದವರಿಗೆ ಕಷ್ಟವಿದೆ. ಹೆಚ್ಚು ಮನ್ನಣೆಯುಳ್ಳ ಸಿಪಿಸಿ ಪರೀಕ್ಷೆಯಲ್ಲಿ 100 ಪ್ರಶ್ನೆ, ನಾಲ್ಕು ಗಂಟೆ. ತೇರ್ಗಡೆಗೆ ನೂರಕ್ಕೆ 70 ಬೇಕು.

ತರಬೇತಿಗೆ ಹಣ ಕಟ್ಟುವ ಮುನ್ನ ಪೋಷಕರು ಎರಡು ಮಾತು ಕೇಳಿ: ಶುಲ್ಕದಲ್ಲಿ ಪರೀಕ್ಷೆಯ ಫೀಜು ಸೇರಿದೆಯೇ, ‘ಕೆಲಸ ಖಾತರಿ’ ಎಂಬುದನ್ನು ಬರೆದುಕೊಡುತ್ತಾರೆಯೇ? ಸಂಕೇತಗಳು ವರ್ಷವರ್ಷವೂ ಬದಲಾಗುವುದರಿಂದ, ಹಳೆಯ ಪುಸ್ತಕ ಕೊಳ್ಳುವುದಾದರೆ ಅದು ಈ ವರ್ಷದ ಪರೀಕ್ಷೆಗೆ ನಡೆಯುತ್ತದೆಯೇ ಎಂದು ವಿಚಾರಿಸಿಕೊಳ್ಳಿ.